ಹಳೆಯ ಅಗ್ಗದ ಕೌಬಾಯ್ ಸಿನಿಮಾಗಳು: ಯಾವುದರಿಂದ ಶುರು ಮಾಡೋದು?

ಒಬ್ಬ ಯುವಕ ಕುದುರೆಯಿಂದ ಇಳಿದು ದಾರಿ ಬದಿಯ ಒಂಟಿ ಬಾರ್ ಕಡೆ ನಡೆಯುತ್ತಾನೆ. ಒಳಗಿಂದ ಪಿಯಾನೊ ಸದ್ದು ಕೇಳುತ್ತಿದೆ. ಹುರುಪಿನ ರಾಗ. ಬಾಗಿಲು ತಳ್ಳಿ ಒಳಗೆ ಹೋದರೆ ಒಬ್ಬರೂ ಅಲುಗಾಡುವುದಿಲ್ಲ. ಎಲ್ಲರೂ ಸತ್ತು ಬಿದ್ದಿದ್ದಾರೆ. ಪಿಯಾನೊ ಮಾತ್ರ ತನ್ನಷ್ಟಕ್ಕೆ ತಾನೇ ಬಾರಿಸಿಕೊಳ್ಳುತ್ತಿದೆ. ಗೋಡೆಯ ಮೇಲಿನ ಪಟದಲ್ಲಿ, ಕಣ್ಣಿರಬೇಕಾದ ಜಾಗದಿಂದ, ಬದುಕಿರುವ ಯಾರದೋ ಎರಡು ಕಣ್ಣು ಅವನನ್ನೇ ನೋಡುತ್ತಿವೆ.

ಇದು 1934ರ ‘ರ‍್ಯಾಂಡಿ ರೈಡ್ಸ್ ಅಲೋನ್’ ಸಿನಿಮಾದ ಶುರು. ಆ ಯುವಕ, ಮುಂದೆ ಹಾಲಿವುಡ್‌ನ ದೊಡ್ಡ ಕೌಬಾಯ್ ನಾಯಕನಾದ ಜಾನ್ ವೇನ್. ಆಗ ಅವನಿಗೆ 27 ವರ್ಷ. ಇಡೀ ಸಿನಿಮಾ ಒಂದು ಗಂಟೆಯೂ ಇಲ್ಲ. ಕೈಯಲ್ಲಿ ದುಡ್ಡಿಲ್ಲದ ಕಂಪನಿ ಮಾಡಿದ್ದು. ಆದರೂ ಈ ಶುರುವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇದನ್ನು ಗೆಳೆಯರ ಹತ್ತಿರ ಹೇಳಿದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ. ‘ಇಂಥವು ಸಾವಿರಾರು ಇವೆಯಂತೆ. ಮೂಕಿ ಇದೆ, ಹಾಡಿನದ್ದು ಇದೆ, ಧಾರಾವಾಹಿ ಥರದ್ದು ಇದೆ. ಎಲ್ಲಿಂದ ಶುರು ಮಾಡಲಿ?’ ಒಬ್ಬರಿಗೆ ಮಕ್ಕಳ ಜೊತೆ ನೋಡಬೇಕು. ಇನ್ನೊಬ್ಬರಿಗೆ ಸಿನಿಮಾ ಇತಿಹಾಸ ಬೇಕು. ಮತ್ತೊಬ್ಬರು ಅರ್ಧ ಗಂಟೆ ನೋಡಿ, ಮಾತೇ ಅರ್ಥವಾಗದೆ ಬಿಟ್ಟುಬಿಟ್ಟಿದ್ದಾರೆ. ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಹಾಗಾಗಿ ಮೊದಲು ಏನೇನು ನೋಡಿಕೊಳ್ಳಬೇಕು ಅಂತ ಹೇಳಿ, ಆಮೇಲೆ ಒಂದೊಂದಕ್ಕೇ ಬರುತ್ತೇನೆ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಎಷ್ಟು ಹೊತ್ತು ಇದೆ? ಇಲ್ಲಿ 12 ನಿಮಿಷದ್ದೂ ಇದೆ, ನಾಲ್ಕು ಗಂಟೆಯದ್ದೂ ಇದೆ. ಹೆಚ್ಚಿನವು 50ರಿಂದ 65 ನಿಮಿಷದೊಳಗೆ ಮುಗಿಯುತ್ತವೆ.

ಮಾತು ಎಷ್ಟು ಹಿಡಿಯುತ್ತೀರಿ? 1930ರ ದಶಕದ ಧ್ವನಿಮುದ್ರಣ ಒರಟು. ಅಮೆರಿಕದ ಪಶ್ಚಿಮ ಭಾಗದ ಉಚ್ಚಾರಣೆ ನಮ್ಮ ಕಿವಿಗೆ ಹೊಸದು. ಸಬ್‌ಟೈಟಲ್ ಇಲ್ಲದ ಪ್ರಿಂಟ್‌ಗಳೇ ಜಾಸ್ತಿ. ಮಾತಿನ ಮೇಲೆ ನಿಂತ ಸಿನಿಮಾಕ್ಕಿಂತ ಓಟದ ಮೇಲೆ ನಿಂತ ಸಿನಿಮಾ ಆರಿಸಿಕೊಂಡರೆ ಮೊದಲ ಸಲ ಸುಲಭ.

ಯಾರ ಜೊತೆ ನೋಡುತ್ತೀರಿ? ಇದು ಮುಖ್ಯ. ಅಮೆರಿಕದ ಮೂಲನಿವಾಸಿಗಳನ್ನು ಈ ಸಿನಿಮಾಗಳು ತೋರಿಸುವ ರೀತಿ ಅನೇಕ ಕಡೆ ಅನ್ಯಾಯದ್ದು. ಬಿಳಿಯ ನಟನೇ ಬಣ್ಣ ಬಳಿದುಕೊಂಡು ‘ಇಂಡಿಯನ್’ ಆಗಿ ಬರುತ್ತಾನೆ, ಅರ್ಧಂಬರ್ಧ ಇಂಗ್ಲಿಷ್ ಮಾತಾಡುತ್ತಾನೆ. ಮಕ್ಕಳ ಜೊತೆ ನೋಡುವಾಗ ನಿಲ್ಲಿಸಿ ಎರಡು ಮಾತು ಹೇಳಬೇಕಾಗುತ್ತದೆ. ಕುದುರೆಗಳ ವಿಷಯವೂ ಇದೆ. ಆ ಕಾಲದಲ್ಲಿ ಓಡುವ ಕುದುರೆಯ ಕಾಲಿಗೆ ತಂತಿ ಕಟ್ಟಿ ಬೀಳಿಸುತ್ತಿದ್ದರು. ಎಷ್ಟೋ ಕುದುರೆಗಳಿಗೆ ಪೆಟ್ಟಾಗಿದೆ, ಕೆಲವು ಸತ್ತೂ ಇವೆ. ಕುದುರೆ ದಿಢೀರನೆ ಮುಗ್ಗರಿಸುವ ದೃಶ್ಯ ಬಂದರೆ ನನಗೆ ಇವತ್ತಿಗೂ ಕಸಿವಿಸಿ ಆಗುತ್ತದೆ.

ದುಡ್ಡು ಎಷ್ಟು? ಬಿಟ್ಟಿಯಾಗಿ ಸಿಗುವ ಮಸುಕು ಪ್ರಿಂಟ್ ಸಾಕೋ, ದುಡ್ಡು ಕೊಟ್ಟು ಶುದ್ಧ ಮಾಡಿದ ಪ್ರಿಂಟ್ ಬೇಕೋ? ಇದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ವಿಷಯ. ಕಥೆ ಏನಾಗುತ್ತದೋ ಅಂತ ಕುತೂಹಲ ಇಟ್ಟುಕೊಂಡು ಕೂತರೆ ಇಲ್ಲಿ ನಿರಾಸೆ ಆಗುತ್ತದೆ. ಯಕ್ಷಗಾನಕ್ಕೆ ಹೋಗುವವರು ಕೊನೆಗೆ ಯಾರು ಗೆಲ್ಲುತ್ತಾರೆ ಅಂತ ತಿಳಿಯೋಕೆ ಹೋಗುವುದಿಲ್ಲ ಅಲ್ವಾ? ಇವತ್ತಿನ ವೇಷ ಹೇಗೆ ಕುಣಿಯಿತು, ಹಾಸ್ಯಗಾರ ಏನು ಹೊಸ ಮಾತು ಹಾಕಿದ ಅಂತ ನೋಡೋಕೆ ಹೋಗುತ್ತಾರೆ. ಇಲ್ಲೂ ಹಾಗೆಯೇ. ನಾಯಕ, ಅವನ ಕುದುರೆ, ಪಕ್ಕದಲ್ಲೊಬ್ಬ ನಗಿಸುವ ಗೆಳೆಯ, ಊರಿನ ದೊಡ್ಡ ಮನುಷ್ಯನ ಸೋಗಿನಲ್ಲಿರುವ ಖಳ. ಇಷ್ಟೂ ಗೊತ್ತಿರುವುದೇ. ಹೇಗೆ ನಡೆಸುತ್ತಾರೆ ಅನ್ನುವುದರಲ್ಲಿ ರುಚಿ ಇದೆ.

ಇವು ಅಗ್ಗವಾಗಿದ್ದು ಯಾಕೆ

ಇದು ಗೊತ್ತಿದ್ದರೆ ಆಯ್ಕೆ ಸುಲಭವಾಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತ. ಜನರನ್ನು ಕರೆಯೋಕೆ ಥಿಯೇಟರ್‌ನವರು ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸತೊಡಗಿದರು. ದೊಡ್ಡ ಸಿನಿಮಾಕ್ಕೆ ಗಳಿಕೆಯಲ್ಲಿ ಪಾಲು. ಜೊತೆಯ ಚಿಕ್ಕ ಸಿನಿಮಾಕ್ಕೆ ಗೊತ್ತುಮಾಡಿದ ಬಾಡಿಗೆ ಅಷ್ಟೆ. ಆ ಚಿಕ್ಕದೇ ಬಿ ಸಿನಿಮಾ. ಎಷ್ಟು ಚೆನ್ನಾಗಿ ಮಾಡಿದರೂ ಬರುವ ದುಡ್ಡು ಅಷ್ಟೇ. ಹಾಗಾಗಿ ಒಂದು ವಾರದಲ್ಲಿ ಶೂಟಿಂಗ್ ಮುಗಿಸಬೇಕಿತ್ತು. ಹಾಲಿವುಡ್‌ನ ಗೋವರ್ ಬೀದಿಯ ಸುತ್ತ ಇಂಥ ಸಣ್ಣ ಕಂಪನಿಗಳು ಸೇರಿಕೊಂಡಿದ್ದವು. ಕೌಬಾಯ್ ವೇಷದಲ್ಲೇ ಜನ ಆ ಮೂಲೆಯಲ್ಲಿ ನಿಂತು ದಿನಗೂಲಿಗೆ ಕಾಯುತ್ತಿದ್ದರು.

ದುಡ್ಡಿಲ್ಲ ಅಂದರೆ ಸೆಟ್ ಇಲ್ಲ. ಸೆಟ್ ಇಲ್ಲ ಅಂದರೆ ನಿಜವಾದ ಗುಡ್ಡ, ನಿಜವಾದ ಬಿಸಿಲು, ನಿಜವಾದ ಧೂಳು. ಕುದುರೆಯಿಂದ ಕುದುರೆಗೆ ಹಾರುವವನು ನಿಜವಾಗಿ ಹಾರಬೇಕು. ಇವತ್ತು ಎಲ್ಲವೂ ಕಂಪ್ಯೂಟರ್‌ನಲ್ಲಿ ಆಗುವ ಕಾಲದಲ್ಲಿ, ಈ ಬಡತನವೇ ಆ ಸಿನಿಮಾಗಳ ಆಸ್ತಿ ಅಂತ ನನಗೆ ಅನ್ನಿಸುತ್ತದೆ. ಯಾವ ಕೊರತೆ ನಿಮಗೆ ಸೊಗಸಾಗಿ ಕಾಣುತ್ತದೋ ಆ ಕಡೆ ಹೋಗಿ. ಬಣ್ಣ ಇಲ್ಲ, ಮಾತೂ ಇಲ್ಲ ಅಂದರೂ ಸರಿಯಾ? ಸಂಗೀತವೇ ಇಲ್ಲ ಅಂದರೆ ಸರಿಯಾ? ಕಥೆ ನಿಂತು ಹಾಡು ಬಂದರೆ ಸರಿಯಾ?

ಮೂಕಿ ಕಾಲದವು

ಮಾತಿನ ತೊಂದರೆಯೇ ಬೇಡ ಅನ್ನುವವರಿಗೆ ಇದು. 1903ರಲ್ಲಿ ಎಡಿಸನ್ ಕಂಪನಿಗಾಗಿ ಎಡ್ವಿನ್ ಪೋರ್ಟರ್ ಮಾಡಿದ ‘ದಿ ಗ್ರೇಟ್ ಟ್ರೈನ್ ರಾಬರಿ’ ಸುಮಾರು 12 ನಿಮಿಷದ್ದು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ನೋಡಿಬಿಡಬಹುದು. ಪಶ್ಚಿಮದ ಕಥೆ, ಆದರೆ ಶೂಟಿಂಗ್ ನಡೆದಿದ್ದು ಪೂರ್ವದ ನ್ಯೂಜೆರ್ಸಿಯಲ್ಲಿ. ರೈಲಿನ ಮೇಲೆ ನಡೆಯುವ ಹೊಡೆದಾಟ ನೋಡಿ. ಒಬ್ಬನನ್ನು ಹೊಡೆದು ಕೆಳಗೆ ಎಸೆಯುವಾಗ ಮನುಷ್ಯನ ಜಾಗಕ್ಕೆ ಬೊಂಬೆ ಬರುತ್ತದೆ. ಕೊನೆಯಲ್ಲಿ ಡಕಾಯಿತರ ನಾಯಕ ನೇರ ನಮ್ಮ ಕಡೆ ಬಂದೂಕು ಗುರಿ ಇಟ್ಟು ಹೊಡೆಯುತ್ತಾನೆ. ಈ ತುಣುಕನ್ನು ಶುರುವಿನಲ್ಲಾದರೂ ತೋರಿಸಿ, ಕೊನೆಯಲ್ಲಾದರೂ ತೋರಿಸಿ ಅಂತ ಕಂಪನಿಯೇ ಥಿಯೇಟರ್‌ನವರಿಗೆ ಬಿಟ್ಟಿತ್ತು.

ಇದು ಹಿಡಿಸಿದರೆ ಮುಂದಕ್ಕೆ ವಿಲಿಯಂ ಎಸ್. ಹಾರ್ಟ್. ನಾಟಕದಿಂದ ಬಂದವನು, ಐವತ್ತರ ಹತ್ತಿರ ಬಂದಮೇಲೆ ಸಿನಿಮಾಕ್ಕೆ ಇಳಿದವನು. ಉದ್ದ ಮುಖ, ನಗು ಕಡಿಮೆ. 1916ರ ‘ಹೆಲ್ಸ್ ಹಿಂಜಸ್’ ಒಂದು ಗಂಟೆಯದ್ದು. ಕೊನೆಗೆ ಊರಿಗೆ ಊರೇ ಹೊತ್ತಿ ಉರಿಯುವ ದೃಶ್ಯ ಇವತ್ತೂ ಎದೆ ನಡುಗಿಸುತ್ತದೆ. ಇದು ಬಿ ಸಿನಿಮಾಗಳಷ್ಟು ಅಗ್ಗದ್ದಲ್ಲ. ಆದರೆ ಮುಂದೆ ಬಂದವರೆಲ್ಲ ತಿಂದ ಅನ್ನ ಇಲ್ಲಿ ಬೆಂದದ್ದು. ಮಕ್ಕಳು ಮಾತ್ರ ಬೇಜಾರು ಮಾಡಿಕೊಳ್ಳುತ್ತಾರೆ, ಮೊದಲೇ ಹೇಳಿಬಿಡುತ್ತೇನೆ.

ಲೋನ್ ಸ್ಟಾರ್‌ನ ಜಾನ್ ವೇನ್

ನನ್ನನ್ನು ಕೇಳಿದರೆ ಮೊದಲ ಸಲದವರಿಗೆ ಇದೇ ಸರಿ. 1930ರಲ್ಲಿ ‘ದಿ ಬಿಗ್ ಟ್ರೇಲ್’ ಅನ್ನುವ ದೊಡ್ಡ ಸಿನಿಮಾದಲ್ಲಿ ವೇನ್ ನಾಯಕನಾದ. ಅದು ಸೋತಿತು. ಅಲ್ಲಿಂದ 1939ರ ‘ಸ್ಟೇಜ್‌ಕೋಚ್’ ಬರುವ ತನಕ ಹೆಚ್ಚುಕಡಿಮೆ ಬರೀ ಅಗ್ಗದ ಸಿನಿಮಾಗಳ ಕಾಲ. 1933ರಿಂದ 1935ರ ನಡುವೆ ಮೊನೊಗ್ರಾಂ ಕಂಪನಿಗಾಗಿ ಲೋನ್ ಸ್ಟಾರ್ ಹೆಸರಿನಲ್ಲಿ 16 ಸಿನಿಮಾ ಬಂದವು. ಬಹಳಷ್ಟನ್ನು ನಿರ್ದೇಶಿಸಿದ್ದು ರಾಬರ್ಟ್ ಬ್ರಾಡ್‌ಬರಿ.

ಇವುಗಳ ನಿಜವಾದ ನಾಯಕ ಯಾಕಿಮಾ ಕನೂಟ್ ಅಂತ ನಾನು ಹೇಳುತ್ತೇನೆ. ಕುದುರೆ ಪಳಗಿಸುವ ಪಂದ್ಯಗಳಿಂದ ಬಂದ ಸ್ಟಂಟ್ ಕಲಾವಿದ. ಒಂದೇ ಸಿನಿಮಾದಲ್ಲಿ ಖಳನ ಕಡೆಯವನಾಗಿ ನಟಿಸಿ, ವೇನ್ ಬದಲಿಗೆ ಬೀಳುವ ಕೆಲಸವನ್ನೂ ಇವನೇ ಮಾಡುತ್ತಿದ್ದ. ನಾಯಕ ಕುದುರೆಯಿಂದ ಹಾರುವಾಗ ಒಂದು ಸಲ ನಿಲ್ಲಿಸಿ ನೋಡಿ. ಟೋಪಿ ಕಣ್ಣಿನ ಮೇಲಕ್ಕೆ ಇಳಿದಿರುತ್ತದೆ, ಮುಖ ಆ ಕಡೆ ತಿರುಗಿರುತ್ತದೆ. ಅವನೇ ಕನೂಟ್. ಮುಷ್ಟಿ ಮುಖಕ್ಕೆ ತಾಗದೆ ಪಕ್ಕದಲ್ಲಿ ಹಾದುಹೋದರೂ ಕ್ಯಾಮೆರಾಕ್ಕೆ ತಾಗಿದಂತೆ ಕಾಣುವ ಹೊಡೆದಾಟದ ಪದ್ಧತಿಯನ್ನು ಬೆಳೆಸಿದ ಹೆಸರೂ ವೇನ್‌ಗೂ ಕನೂಟ್‌ಗೂ ಇದೆ. ಮುಂದೆ 1959ರ ‘ಬೆನ್ ಹರ್’ ಸಿನಿಮಾದ ರಥದ ಓಟದ ಹಿಂದೆಯೂ ಇದೇ ಮನುಷ್ಯ ಇದ್ದ.

ಈ ಸಾಲಿನ ಮೊದಲನೆಯದು 1933ರ ‘ರೈಡರ್ಸ್ ಆಫ್ ಡೆಸ್ಟಿನಿ’. ಜಗಳ ನೀರಿನದ್ದು. ಊರಿನ ನೀರೆಲ್ಲ ಒಬ್ಬನ ಹಿಡಿತದಲ್ಲಿದೆ. ರೈತರಿಗೆ ನೀರು ಬೇಕಾದರೆ ಅವನು ಹೇಳಿದಲ್ಲಿ ಸಹಿ ಹಾಕಬೇಕು. ನೀರಿನ ಜಗಳ ಅಂದರೇನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಇದರಲ್ಲಿ ವೇನ್ ಬಂದೂಕುಗಾರನ ಎದುರಿಗೆ ಬೀದಿಯಲ್ಲಿ ನಿಧಾನವಾಗಿ, ಹಾಡಿಕೊಂಡು ನಡೆದು ಬರುತ್ತಾನೆ. ದನಿ ಅವನದ್ದಲ್ಲ, ಬೇರೆಯವರದ್ದು. ಅದು ಕೇಳಿದ ಕೂಡಲೇ ಗೊತ್ತಾಗುತ್ತದೆ. ಆದರೂ ಆ ನಡಿಗೆಗೆ ಮೈ ಜುಮ್ ಅನ್ನುತ್ತದೆ. ಹಿಂದೆ ವಾದ್ಯವಿಲ್ಲ, ಬರೀ ದನಿ.

ಕೊರತೆ ಏನು? ಮಾತು ಬಿಗಿ. ಹುಡುಗಿಯ ಪಾತ್ರಕ್ಕೆ ಕೆಲಸ ಕಡಿಮೆ. ಕೆಲವು ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದಿದ್ದಾರೆ, ನೆಲದ ಮೇಲೆ ನೆರಳು ಕಾಣುತ್ತದೆ. ಹಿನ್ನೆಲೆ ಸಂಗೀತ ಇಲ್ಲವೆಂದೇ ಹೇಳಬೇಕು. ಮೊದಲು ಖಾಲಿ ಅನ್ನಿಸಬಹುದು. ಎರಡನೇ ಸಿನಿಮಾ ಹೊತ್ತಿಗೆ ಗೊರಸಿನ ಸದ್ದು, ಗಾಳಿ, ಬಾಗಿಲ ಕಿರ್ರ್ ಸದ್ದೇ ಸಂಗೀತವಾಗುತ್ತದೆ. ‘ದಿ ಸ್ಟಾರ್ ಪ್ಯಾಕರ್’ ಸಿನಿಮಾವನ್ನು ಮಾತ್ರ ಆಮೇಲಕ್ಕೆ ಇಟ್ಟುಕೊಳ್ಳಿ. ಅದರಲ್ಲಿ ಕನೂಟ್‌ಗೇ ಮೂಲನಿವಾಸಿಯ ವೇಷ ಹಾಕಿಸಿದ್ದಾರೆ, ನೋಡೋಕೆ ಕಷ್ಟವಾಗುತ್ತದೆ.

ಹಾಡುವ ಕೌಬಾಯ್‌ಗಳು

ನಮ್ಮ ಸಿನಿಮಾ ನೋಡಿ ಬೆಳೆದವರಿಗೆ ಇಲ್ಲಿ ಮನೆಗೆ ಬಂದಂತೆ ಇರುತ್ತದೆ. ಹಾಡು, ಹಾಸ್ಯ, ಹೊಡೆದಾಟ ಮೂರೂ ಇವೆ. ಜೀನ್ ಆಟ್ರಿ 1935ರಿಂದ ರಿಪಬ್ಲಿಕ್ ಕಂಪನಿಯಲ್ಲಿ ಈ ದಾರಿ ಹಾಕಿದ. ಕಾಲದ ಹಂಗು ಇಲ್ಲ. ಕುದುರೆ ಪಕ್ಕದಲ್ಲೇ ಕಾರು, ರೇಡಿಯೊ, ಟೆಲಿಫೋನ್. ಪಕ್ಕದಲ್ಲಿ ಸ್ಮೈಲಿ ಬರ್ನೆಟ್ ಅನ್ನುವ ದಪ್ಪನೆಯ ಹಾಸ್ಯಗಾರ. ಆಟ್ರಿ ದೊಡ್ಡ ನಟನಲ್ಲ, ಹೊಡೆದಾಟದಲ್ಲೂ ವೇನ್ ಎದುರು ನಿಲ್ಲುವುದಿಲ್ಲ. ಆದರೆ ಬಾಯಿ ತೆರೆದು ಹಾಡಿದರೆ ಮಾತ್ರ ಸುಮ್ನೆ ಕೇಳುತ್ತಾ ಕೂರಬೇಕು ಅನ್ನಿಸುತ್ತದೆ.

1938ರಲ್ಲಿ ಆಟ್ರಿಗೂ ಕಂಪನಿಗೂ ಒಪ್ಪಂದದ ಜಗಳ ಆಯಿತು. ಅವನು ಬರಲಿಲ್ಲ. ಆ ಜಾಗಕ್ಕೆ ಬಂದವನು ರಾಯ್ ರಾಜರ್ಸ್. ಅವನು ನಾಯಕನಾದ ಮೊದಲ ಸಿನಿಮಾ ‘ಅಂಡರ್ ವೆಸ್ಟರ್ನ್ ಸ್ಟಾರ್ಸ್’. ಹಾಡುವ ಕೌಬಾಯ್‌ಗಳಲ್ಲಿ ಒಂದೇ ಒಂದು ನೋಡುವುದಾದರೆ ಇದನ್ನು ನೋಡಿ. ಇಲ್ಲೂ ಜಗಳ ನೀರಿನದ್ದೇ. ಬರ ಬಿದ್ದ ಸೀಮೆಗೆ ನೀರು ತರಲು ಕೌಬಾಯ್ ಚುನಾವಣೆಗೆ ನಿಂತು, ಗೆದ್ದು, ವಾಷಿಂಗ್ಟನ್‌ಗೆ ಹೋಗುತ್ತಾನೆ. ಆಗ ಅಮೆರಿಕದ ಬಯಲು ಸೀಮೆಯಲ್ಲಿ ನಿಜವಾಗಿಯೂ ಮಣ್ಣು ಗಾಳಿಗೆ ಎದ್ದು, ಹೊಲಗಳು ಹಾಳಾಗಿ, ಜನ ಊರು ಬಿಟ್ಟಿದ್ದರು. ‘ಡಸ್ಟ್’ ಅನ್ನುವ ಹಾಡು ಬರುವಾಗ ಸತ್ತ ಹೊಲಗಳ ಚಿತ್ರ ತೆರೆಯ ಮೇಲೆ ಬರುತ್ತವೆ. ಅಲ್ಲಿ ಅಗ್ಗ, ದುಬಾರಿ ಅನ್ನುವ ಮಾತೇ ಮರೆತುಹೋಗುತ್ತದೆ. ಆ ಹಾಡು ಆಸ್ಕರ್‌ಗೂ ಸ್ಪರ್ಧಿಸಿತ್ತು. 2009ರಲ್ಲಿ ಈ ಸಿನಿಮಾವನ್ನು ಕಾಪಾಡಿ ಇಡಬೇಕಾದ ಸಿನಿಮಾಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು.

ಮಕ್ಕಳಿದ್ದರೆ ಆಟ್ರಿಯದೇ ಇನ್ನೊಂದು ಇದೆ. 1935ರ ‘ದಿ ಫ್ಯಾಂಟಮ್ ಎಂಪೈರ್’. 12 ಕಂತು, ಎಲ್ಲ ಸೇರಿ ನಾಲ್ಕು ಗಂಟೆ. ಕೌಬಾಯ್ ದಿನವೂ ರೇಡಿಯೊದಲ್ಲಿ ಹಾಡಲೇಬೇಕು, ಇಲ್ಲದಿದ್ದರೆ ರ‍್ಯಾಂಚ್ ಕೈ ತಪ್ಪುತ್ತದೆ. ಅದೇ ಹೊತ್ತಿಗೆ ಅವನ ಜಮೀನಿನ ಕೆಳಗೆ, ಪಾತಾಳದಲ್ಲಿ, ರಾಣಿ ಆಳುವ ಮುರಾನಿಯಾ ಅನ್ನುವ ನಗರ ಇದೆ. ತಗಡಿನ ರೋಬೋಟ್‌ಗಳು ಓಡಾಡುತ್ತವೆ. ಒಂದೇ ಸಲ ನೋಡಬೇಡಿ, ತಲೆ ತಿರುಗುತ್ತದೆ. ಭಾನುವಾರಕ್ಕೊಂದು ಕಂತು ಹಾಕಿ. ಪ್ರತಿ ಕಂತೂ ಯಾರೋ ಸಾಯುವ ಹಾಗಾಗಿ ನಿಲ್ಲುತ್ತದೆ. ವಾರವಿಡೀ ಮನೆಯಲ್ಲಿ ಅದೇ ಮಾತಾಗುತ್ತದೆ.

ಹೋಪಲಾಂಗ್ ಕ್ಯಾಸಿಡಿ

ಸ್ವಲ್ಪ ನಿಧಾನ, ಸ್ವಲ್ಪ ಅಚ್ಚುಕಟ್ಟು ಬೇಕು ಅನ್ನುವವರಿಗೆ ಇದು. 1935ರಿಂದ ಶುರುವಾಗಿ 66 ಸಿನಿಮಾ ಬಂದವು. ಎಲ್ಲದರಲ್ಲೂ ಹೋಪಲಾಂಗ್ ಅನ್ನುವ ಕೌಬಾಯ್ ನಾಯಕನಾಗಿ ನಟಿಸಿದ್ದು ವಿಲಿಯಂ ಬಾಯ್ಡ್. ಬೆಳ್ಳಿ ಕೂದಲು, ಕಪ್ಪು ಬಟ್ಟೆ, ಬಿಳಿ ಕುದುರೆ. ಕಪ್ಪು ಬಟ್ಟೆ ಅಂದರೆ ಖಳ ಅನ್ನುವ ಲೆಕ್ಕ ಇಲ್ಲಿ ತಪ್ಪುತ್ತದೆ. ಅಗ್ಗದವುಗಳಲ್ಲಿ ಇವು ಸ್ವಲ್ಪ ಸ್ಥಿತಿವಂತ ಮನೆಯವು. ಫೋಟೊಗ್ರಫಿ ಚೆನ್ನಾಗಿದೆ, ಗುಡ್ಡಗಳು ಕಣ್ಣು ತುಂಬುತ್ತವೆ. ಕೆಲವು ಸಲ ಸಂಗೀತವನ್ನು ಕೊನೆಯ ಓಟಕ್ಕೆ ಅಂತಲೇ ಕೂಡಿಟ್ಟಿರುತ್ತಾರೆ. ಮೊದಲ ಅರ್ಧ ಗಂಟೆ ತಾಳ್ಮೆ ಬೇಕು.

ಅನೇಕ ಸಲ ಶೂಟಿಂಗ್ ನಡೆದಿದ್ದು ಕ್ಯಾಲಿಫೋರ್ನಿಯಾದ ಲೋನ್ ಪೈನ್ ಊರಿನ ಪಕ್ಕದ ಅಲಬಾಮಾ ಗುಡ್ಡಗಳಲ್ಲಿ. ಉರುಟು ಬಂಡೆಗಳ ರಾಶಿ. ಹಿಂದೆ ಹಿಮದ ಬೆಟ್ಟ. 1939ರ ‘ಗಂಗಾ ದಿನ್’ ಸಿನಿಮಾಕ್ಕೆ ಇದೇ ಗುಡ್ಡಗಳನ್ನು ಭಾರತ ಅಂತ ತೋರಿಸಿದರು. ಆ ಬಂಡೆಗಳನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ರಾಮನಗರ. ಅಲ್ಲಿ ‘ಶೋಲೆ’ಯ ಕುದುರೆಗಳು ಓಡಿದ್ದು 36 ವರ್ಷ ಕಳೆದ ಮೇಲೆ ತೆರೆಗೆ ಬಂತು. ಬಂಡೆಯ ಮೇಲೊಬ್ಬ ಕಾವಲು, ಕೆಳಗೆ ಕುದುರೆ ಸಾಲು. ಹೀಗೆ ಚಿತ್ರ ಕಟ್ಟುವುದನ್ನು ಈ ಅಗ್ಗದ ಸಿನಿಮಾಗಳು ನೂರಾರು ಸಲ ಮಾಡಿ ಪಳಗಿದ್ದವು.

ಹರ್ಬ್ ಜೆಫ್ರಿಸ್

ಇದನ್ನು ಬಹಳ ಪಟ್ಟಿಗಳಲ್ಲಿ ಬಿಟ್ಟುಬಿಡುತ್ತಾರೆ. ನಾನು ಬಿಡುವುದಿಲ್ಲ. ಅಮೆರಿಕದ ದಕ್ಷಿಣದಲ್ಲಿ ಕರಿಯರಿಗೆ ಬೇರೆ ಥಿಯೇಟರ್, ಇಲ್ಲವೇ ಮೇಲಿನ ಬಾಲ್ಕನಿ ಇದ್ದ ಕಾಲ ಅದು. ತೆರೆಯ ಮೇಲಿನ ಕೌಬಾಯ್ ಹೆಚ್ಚುಕಡಿಮೆ ಯಾವಾಗಲೂ ಬಿಳಿಯನೇ. ಆಗ ಜೆಫ್ರಿಸ್ ಅನ್ನುವ ಹಾಡುಗಾರ ಕರಿಯ ಪ್ರೇಕ್ಷಕರಿಗಾಗಿ, ಕರಿಯ ನಟರೇ ತುಂಬಿದ ಕೌಬಾಯ್ ಸಿನಿಮಾಗಳಲ್ಲಿ ನಾಯಕನಾದ. 1937ರ ‘ಹಾರ್ಲೆಮ್ ಆನ್ ದಿ ಪ್ರೇರಿ’ಯಿಂದ 1939ರ ‘ಹಾರ್ಲೆಮ್ ರೈಡ್ಸ್ ದಿ ರೇಂಜ್’ ತನಕ. ನನ್ನ ಆಯ್ಕೆ 1939ರ ‘ದಿ ಬ್ರಾಂಜ್ ಬಕರೂ’. ಒಂದು ಗಂಟೆಯೊಳಗೆ ಮುಗಿಯುತ್ತದೆ. ಮಾತಾಡುವ ಹೇಸರಗತ್ತೆ ಅಂತ ನಂಬಿ ಮೋಸ ಹೋಗುವ ಹಾಸ್ಯಗಾರನ ಭಾಗ ಮನೆಮಂದಿಯನ್ನೆಲ್ಲ ನಗಿಸುತ್ತದೆ.

ಇಷ್ಟರಲ್ಲೆಲ್ಲ ತೀರಾ ಕಡಿಮೆ ದುಡ್ಡಿನವು ಇವೇ. ಹೊಡೆದಾಟ ಮೊಂಡು, ಧ್ವನಿ ಮಂದ. ಓಟ ಬೇಕು ಅನ್ನುವವರಿಗೆ ಸಾಲದು. ಆದರೆ ಹತ್ತು ವರ್ಷದ ಕರಿಯ ಹುಡುಗನೊಬ್ಬ ಆ ಥಿಯೇಟರ್‌ನಲ್ಲಿ ಕೂತು, ತನ್ನಂಥವನೇ ಬಿಳಿ ಟೋಪಿ ಹಾಕಿಕೊಂಡು ಕುದುರೆ ಏರುವುದನ್ನು ಮೊದಲ ಸಲ ನೋಡಿದ್ದನ್ನು ಯೋಚಿಸಿ. ಆ ಯೋಚನೆ ಜೊತೆಗಿಟ್ಟುಕೊಂಡು ನೋಡಿದರೆ ಈ ಸಿನಿಮಾಗಳ ತೂಕ ಬೇರೆಯೇ.

ಪಿಆರ್‌ಸಿ ಕಂಪನಿಯ ಬಸ್ಟರ್ ಕ್ರ್ಯಾಬ್ ಸಿನಿಮಾಗಳ ಬಗ್ಗೆಯೂ ಕೇಳುತ್ತಾರೆ. 1940ರ ದಶಕದವು. ಫಜಿ ಸೇಂಟ್ ಜಾನ್ ಅನ್ನುವ ಹಾಸ್ಯಗಾರನ ಎದ್ದು ಬಿದ್ದು ಮಾಡುವ ಆಟ ಚೆನ್ನ. ಉಳಿದದ್ದು ಸಾಧಾರಣ. ಮೇಲಿನವೆಲ್ಲ ಮುಗಿದ ಮೇಲೆ ನೋಡಿದರೆ ಸಾಕು.

ಬಿಟ್ಟಿಯೋ, ದುಡ್ಡು ಕೊಟ್ಟೋ?

ಆ ಕಾಲದ ಅಮೆರಿಕದ ಕಾನೂನಿನಲ್ಲಿ ಸಿನಿಮಾದ ಹಕ್ಕು 28 ವರ್ಷಕ್ಕೆ ಮುಗಿಯುತ್ತಿತ್ತು. ಮುಂದುವರಿಸಲು ಮತ್ತೆ ಅರ್ಜಿ ಹಾಕಬೇಕು. ಎಷ್ಟೋ ಸಣ್ಣ ಕಂಪನಿಗಳು ಅಷ್ಟರಲ್ಲಿ ಮುಚ್ಚಿಹೋಗಿದ್ದವು, ಅರ್ಜಿ ಹಾಕುವವರೇ ಇರಲಿಲ್ಲ. ಹಾಗಾಗಿ ಲೋನ್ ಸ್ಟಾರ್ ಥರದವು ಇಂಟರ್ನೆಟ್ ಆರ್ಕೈವ್‌ನಲ್ಲೂ ಯೂಟ್ಯೂಬ್‌ನಲ್ಲೂ ಸಿಗುತ್ತವೆ. ಖರ್ಚು ಡೇಟಾದ್ದು ಮಾತ್ರ.

ಆದರೆ ಬಿಟ್ಟಿ ಪ್ರಿಂಟ್‌ನಲ್ಲಿ ಎರಡು ಮೋಸ ಇವೆ. ಒಂದು, ಆಮೇಲೆ ಯಾರೋ ಸಿಂಥಸೈಜರ್ ಸಂಗೀತ ಸೇರಿಸಿದ, ಇಲ್ಲವೇ ಬಣ್ಣ ಬಳಿದ ವೇನ್ ಸಿನಿಮಾಗಳು. ಶುರುವಿನಲ್ಲೇ ಕೀಬೋರ್ಡ್ ಸದ್ದು ಕೇಳಿದರೆ ಮುಚ್ಚಿ, ಬೇರೆ ಪ್ರಿಂಟ್ ಹುಡುಕಿ. ಎರಡು, ಆಟ್ರಿ ಮತ್ತು ರಾಜರ್ಸ್ ಸಿನಿಮಾಗಳನ್ನು ಟಿವಿಗಾಗಿ ಸುಮಾರು 54 ನಿಮಿಷಕ್ಕೆ ಕತ್ತರಿಸಿದ್ದರು. ‘ಅಂಡರ್ ವೆಸ್ಟರ್ನ್ ಸ್ಟಾರ್ಸ್’ ಪೂರ್ತಿ 65 ನಿಮಿಷ. ಹಾಕುವ ಮೊದಲು ಅವಧಿ ನೋಡಿಕೊಳ್ಳಿ. ದುಡ್ಡು ಖರ್ಚು ಮಾಡುವುದಾದರೆ ಹೋಪಲಾಂಗ್ ಮೇಲೆ ಮತ್ತು ಮೂಕಿಗಳ ಮೇಲೆ ಮಾಡಿ. ಅಲ್ಲಿ ಕಣ್ಣಿಗೆ ಕಾಣುವುದೇ ಎಲ್ಲ. ಒಳ್ಳೆಯ ಪ್ರಿಂಟ್‌ನಲ್ಲಿ ಬಂಡೆಯ ಬಿರುಕು ಕೂಡ ಕಾಣುತ್ತದೆ. ಲೋನ್ ಸ್ಟಾರ್‌ಗೆ ಬಿಟ್ಟಿಯದೇ ಸಾಕು.

ಒಂದೇ ಸಂಜೆ ಇದೆ ಅನ್ನುವವರು ‘ರೈಡರ್ಸ್ ಆಫ್ ಡೆಸ್ಟಿನಿ’ ಹಾಕಿ, ಮಧ್ಯೆ ಕಾಫಿ ಕುಡಿದು, ‘ಅಂಡರ್ ವೆಸ್ಟರ್ನ್ ಸ್ಟಾರ್ಸ್’ ಹಾಕಿ. ಎರಡೂ ಸೇರಿ ಎರಡು ಗಂಟೆ. ಎರಡೂ ನೀರಿನ ಕಥೆ. ಮೊದಲನೆಯದರಲ್ಲಿ ಬಂದೂಕು, ಎರಡನೆಯದರಲ್ಲಿ ವೋಟು. ಕಳೆದ ಬೇಸಿಗೆಯಲ್ಲಿ ನಾನು ಇದನ್ನೇ ಮಾಡಿದೆ. ಅಮ್ಮ ಜೊತೆಗೆ ಕೂತಿದ್ದರು. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬರುವುದಿಲ್ಲ, ಆದರೆ ಧೂಳಿನ ಹಾಡು ಬಂದಾಗ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ಹಿಡಿದುಕೊಂಡು ನೋಡುತ್ತಿದ್ದರು. ಕೊನೆ ಬರುವ ಮೊದಲೇ ಕುಕ್ಕರ್ ಕೂಗಿತು, ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಕೇಳಿದರು: ‘ಆ ಜನಕ್ಕೆ ನೀರು ಬಂತೇನೋ?’